ಒಂದು ಸಿಲಿಂಡರಿಗೆ ಎರಡು ಕಿಡಿ

ನಿರ್ಣಾ, ಹುಮನಾಬಾದ್ ಕಡೆಯ ಹೊಲಗಳಲ್ಲಿ ದುಡಿಯುವವರಿಗೆ ವಿಮಾನ ಹೊಸದಲ್ಲ. ಬೀದರ್ ವಾಯುಪಡೆ ನೆಲೆಯಿಂದ ಎದ್ದ ತರಬೇತಿ ವಿಮಾನದ ಸದ್ದಿಗೆ ತೊಗರಿ ಸಾಲಿನಿಂದ ತಲೆ ಎತ್ತಿ ನೋಡುವವರು ಮಕ್ಕಳು ಮಾತ್ರ. ಈಗ ಕೇಳುವುದು ಹಾಕ್ ಜೆಟ್‌ಗಳ ಸದ್ದು. ಹಿಂದೆ, 1960ರ ದಶಕದಲ್ಲಿ, ಬೀದರ್‌ನಲ್ಲಿ ಹಾರಾಟದ ಓನಾಮ ಕಲಿಸುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2. ಒಬ್ಬರ ಹಿಂದೊಬ್ಬರು ಕೂರುವ ಎರಡೇ ಸೀಟು, ಮೂತಿಗೆ ಪ್ರೊಪೆಲ್ಲರ್, 155 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಸಿಲಿಂಡರ್ ನಾಲ್ಕು, ಸ್ಪಾರ್ಕ್ ಪ್ಲಗ್ ಮಾತ್ರ ಎಂಟು.

ಬೈಕಿಗೆ ಸಾಮಾನ್ಯವಾಗಿ ಒಂದು ಸಿಲಿಂಡರಿಗೆ ಒಂದೇ ಪ್ಲಗ್ ಸಾಕು. ಹುಮನಾಬಾದ್ ರಸ್ತೆಯಲ್ಲಿ ಪ್ಲಗ್ ಕೈಕೊಟ್ಟರೆ ಗಾಡಿ ಬದಿಗೆ ಹಾಕಿ, ಬಿಚ್ಚಿ, ಕರಿ ಕೆರೆದು, ಮತ್ತೆ ಹಾಕಿಕೊಂಡು ಹೊರಟರಾಯಿತು. ಆಕಾಶದಲ್ಲಿ ಬದಿಗೆ ಹಾಕಲು ಜಾಗವಿಲ್ಲ. ಹೀಗಾಗಿ ಸಣ್ಣ ವಿಮಾನದ ಎಂಜಿನ್ನಿಗೆ ಒಂದಲ್ಲ, ಎರಡು ಸಂಪೂರ್ಣ ಬೇರೆಬೇರೆ ಕಿಡಿ ವ್ಯವಸ್ಥೆ: ಕಿಡಿಗೆ ಕರೆಂಟ್ ಹುಟ್ಟಿಸುವ ಎರಡು ಮ್ಯಾಗ್ನೆಟೊ, ಎರಡು ಸಾಲು ವೈರು, ಎರಡು ಸಾಲು ಪ್ಲಗ್. ಆದರೆ ಎರಡಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂಬುದನ್ನು ವಿಮಾನ ಲೋಕ ನಿಧಾನವಾಗಿ ಕಲಿತದ್ದೇ ಇದರಲ್ಲಿ ಸ್ವಾರಸ್ಯದ ಭಾಗ.

ಮ್ಯಾಗ್ನೆಟೊ ವಿಮಾನಕ್ಕಿಂತ ಹಳೆಯದು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ರಾಬರ್ಟ್ ಬಾಷ್ 1887ರಲ್ಲೇ ನೆಲದ ಎಂಜಿನ್ನುಗಳಿಗಾಗಿ ಅದನ್ನು ತಯಾರಿಸಿದ್ದ. ಅವನ ಎಂಜಿನಿಯರ್ ಗಾಟ್ಲೊಬ್ ಹೊನೊಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ಜೋಡಿಯಾಗುವ ಸ್ಪಾರ್ಕ್ ಪ್ಲಗ್ ರೂಪಿಸಿದ. ಮರುವರ್ಷವೇ ರೈಟ್ ಸಹೋದರರು ಹಾರಿದರು. ಅದೇ ಬಾಷ್ ಬಳಗದ ಮೈಕೊ 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡತೊಡಗಿತು. ಎಚ್‌ಟಿ-2 ಮೊದಲ ಸಲ ಹಾರಿದ್ದೂ 1951ರ ಆಗಸ್ಟ್‌ನಲ್ಲಿ, ಅದೇ ಊರಿನಲ್ಲಿ.

ಮ್ಯಾಗ್ನೆಟೊದ ದೊಡ್ಡ ಗುಣ, ಅದಕ್ಕೆ ಬ್ಯಾಟರಿ ಬೇಡ. ಎಂಜಿನ್ ತಿರುಗಿದರೆ ಅದರೊಳಗಿನ ಅಯಸ್ಕಾಂತ ತಿರುಗುತ್ತದೆ, ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಸರಿಯಾದ ಕ್ಷಣಕ್ಕೆ ಆ ಕರೆಂಟ್ ಕಡಿಯುವ ಪಾಯಿಂಟ್ ತೆರೆದುಕೊಂಡಾಗ ಅದು 20,000 ವೋಲ್ಟ್‌ವರೆಗೂ ಜಿಗಿದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ವಿಮಾನದ ಲೈಟು, ರೇಡಿಯೊ ಎಲ್ಲ ಸತ್ತರೂ ಎಂಜಿನ್ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. 1927ರಲ್ಲಿ ಅಮೆರಿಕದ ಪೈಲಟ್ ಲಿಂಡ್‌ಬರ್ಗ್ ಒಂದೇ ಎಂಜಿನ್ ನಂಬಿ ಅಟ್ಲಾಂಟಿಕ್ ದಾಟಲು ಮೂವತ್ಮೂರೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಕಿಡಿ ಕೊಟ್ಟದ್ದು ಸ್ಕಿಂಟಿಲ್ಲಾ ಕಂಪನಿಯ ಜೋಡಿ ಮ್ಯಾಗ್ನೆಟೊ. ನಮ್ಮ ನೆಲಕ್ಕೂ ಇಂಥ ಎಂಜಿನ್ ಬೇಗನೇ ಬಂತು. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಅಂಚೆಯನ್ನು ಅವರ ಜೊತೆಗಾರ ನೆವಿಲ್ ವಿಂಟ್ಸೆಂಟ್ ಪುಸ್ ಮಾತ್ ವಿಮಾನದಲ್ಲಿ ಮದರಾಸಿಗೆ ಒಯ್ದ. ದಾರಿಯಲ್ಲಿ ಇಳಿದ ಊರು ಬಳ್ಳಾರಿ.

ಎಚ್‌ಟಿ-2 ರೂಪಿಸಿದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ಓದಿ ಬಂದವರು. ವಿಮಾನ ನಮ್ಮದಾದರೂ ಎಂಜಿನ್ ಬ್ರಿಟನ್ನಿನ ಸಿರಸ್ ಮೇಜರ್. ಅದು ತಲೆಕೆಳಗಾದ ಎಂಜಿನ್. ಸಿಲಿಂಡರುಗಳು ಕೆಳಮುಖವಾಗಿ ಜೋತುಬಿದ್ದಿರುತ್ತವೆ. ಇದರಿಂದ ಮೂತಿ ತಗ್ಗಿ ಪೈಲಟ್‌ಗೆ ಮುಂದಿನದು ಚೆನ್ನಾಗಿ ಕಾಣುತ್ತದೆ. ಅನನುಕೂಲವೂ ಅಲ್ಲೇ ಇದೆ. ನಿಂತ ಎಂಜಿನ್ನಿನ ಆಯಿಲ್ ಮೆಲ್ಲಗೆ ಕೆಳಗಿಳಿದು ಪ್ಲಗ್ ತೋಯಿಸುತ್ತದೆ. ಇಂಥ ಎಂಜಿನ್ ನೋಡಿಕೊಳ್ಳುವ ಮೆಕ್ಯಾನಿಕ್‌ಗಳಿಗೆ ಪ್ಲಗ್ ಬಿಚ್ಚುವುದು, ಒರೆಸುವುದು ಮುಗಿಯದ ಕೆಲಸ.

ಇನ್ನು ಎರಡೂ ಮ್ಯಾಗ್ನೆಟೊ ಸರಿಯಿವೆಯೇ ಎಂಬ ಪರೀಕ್ಷೆಯ ಮಾತು. ಸೆಸ್ನಾ 172ರಂಥ ತರಬೇತಿ ವಿಮಾನ ರನ್‌ವೇಗೆ ಹತ್ತುವ ಮುಂಚೆ ಬದಿಯಲ್ಲಿ ನಿಲ್ಲುತ್ತದೆ. ಬ್ರೇಕ್ ಒತ್ತಿ ಹಿಡಿದು ಎಂಜಿನ್ನನ್ನು 1,800 ಆರ್‌ಪಿಎಂಗೆ ಏರಿಸುತ್ತಾರೆ. ಎರಡೂ ಮ್ಯಾಗ್ನೆಟೊ ನಡೆಯುತ್ತಿರುವ ಜಾಗದಿಂದ ಕೀಲಿಯನ್ನು ಬಲಕ್ಕೆ ಸಂಬಂಧಿಸಿದ ಗುರುತಿಗೆ ತಿರುಗಿಸುತ್ತಾರೆ. ಎಡದ್ದು ಸುಮ್ಮನಾಗುತ್ತದೆ, ಸದ್ದು ಕೊಂಚ ಕುಗ್ಗುತ್ತದೆ, ಆರ್‌ಪಿಎಂ ಮುಳ್ಳು ಇಳಿಯುತ್ತದೆ. ಮತ್ತೆ ಎರಡಕ್ಕೂ ತಂದು, ಈ ಸಲ ಎಡಕ್ಕೆ. ಇಳಿತ 150 ಆರ್‌ಪಿಎಂ ಮೀರಬಾರದು. ಎಡಬಲಗಳ ಇಳಿತದಲ್ಲಿ 50ಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದು. ಎಂಜಿನ್ ಮುಗ್ಗರಿಸಿದರಂತೂ ವಿಮಾನ ವಾಪಸ್ ಶೆಡ್ಡಿಗೆ. ಎರಡು ಕಡೆಯಿಂದ ಹತ್ತುತ್ತಿದ್ದ ಬೆಂಕಿ ಒಂದೇ ಕಡೆಯಿಂದ ಹತ್ತಿದಾಗ ಉರಿ ನಿಧಾನವಾಗುತ್ತದೆ, ಅದಕ್ಕೇ ಈ ಇಳಿತ.

ಹೊಸ ವಿದ್ಯಾರ್ಥಿಗಳು ಎಡವುವುದು ಮುಂದಿನ ಮಾತಿನಲ್ಲಿ. ಮುಳ್ಳು ಸ್ವಲ್ಪವೂ ಇಳಿಯದಿದ್ದರೆ? ಎಂಜಿನ್ ಗಟ್ಟಿಯಾಗಿದೆ ಎಂದು ಖುಷಿಪಡುವಂತಿಲ್ಲ. ಮ್ಯಾಗ್ನೆಟೊ ನಿಲ್ಲಿಸುವ ಬಗೆ ಮನೆಯ ಲೈಟಿನ ಸ್ವಿಚ್ಚಿಗೆ ತದ್ವಿರುದ್ಧ. ಸ್ವಿಚ್ ಆಫ್ ಮಾಡಿದಾಗ ಒಂದು ವೈರು ಅದರ ಕರೆಂಟನ್ನು ಎಂಜಿನ್ನಿನ ಮೈಗೆ, ಅಂದರೆ ಅರ್ಥ್‌ಗೆ, ಹರಿಸಿಬಿಡುತ್ತದೆ. ಆ ವೈರು ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತ; ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಕಿಡಿ ತಪ್ಪಬಾರದು ಎಂಬ ಮುತುವರ್ಜಿಯಿಂದಲೇ ಮಾಡಿದ ಏರ್ಪಾಡು ಇದು; ವೈರು ಕಡಿದರೆ ಎಂಜಿನ್ ನಿಲ್ಲಬಾರದು, ಓಡುತ್ತಿರಬೇಕು. ಅದರ ಬೆಲೆ ನೆಲದ ಮೇಲೆ ನಿಂತವರು ತೆರುವಂತಾಗಬಾರದಷ್ಟೆ.

ಎರಡು ಎಂದು ಹೇಳಿಕೊಂಡು ಒಂದೇ ಇಟ್ಟ ನಿದರ್ಶನವೂ ಉಂಟು. 1970ರ ದಶಕದ ಕೊನೆಗೆ ಬಂದ ಸೆಸ್ನಾ 172 ಎನ್ ಮಾದರಿಯ ಎಂಜಿನ್ನಿನಲ್ಲಿ ಎರಡೂ ಮ್ಯಾಗ್ನೆಟೊಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಒಂದೇ ಶಾಫ್ಟ್‌ನಿಂದ ತಿರುಗಿಸಿದರು. ತೂಕ, ಜಾಗ ಉಳಿಯಿತು. ಆ ಶಾಫ್ಟ್ ಮುರಿದರೆ, ಪೆಟ್ಟಿಗೆ ಸಡಿಲವಾದರೆ ಎರಡೂ ಒಟ್ಟಿಗೇ ಹೋದವು. 1981ರ ಮಾದರಿಯಲ್ಲಿ ಮತ್ತೆ ಎರಡನ್ನೂ ಬೇರೆಬೇರೆ ಮಾಡಿದರು. ಉಳಿತಾಯದ ಹುಕಿಯಲ್ಲಿ ಮೂಲ ಉದ್ದೇಶವನ್ನೇ ಮರೆಯುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಉಳಿದದ್ದೆಲ್ಲ ದಿನನಿತ್ಯದ ಕಾಳಜಿ. ಪಾಯಿಂಟ್ ಸವೆಯುತ್ತದೆ, ಕಿಡಿಯ ಸಮಯ ಸರಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ 500 ಗಂಟೆ ಹಾರಾಟಕ್ಕೊಮ್ಮೆ ಮ್ಯಾಗ್ನೆಟೊ ಬಿಚ್ಚಿ ನೋಡಬೇಕು. ವಿಮಾನದ ಪೆಟ್ರೋಲಿನಲ್ಲಿ ಇವತ್ತಿಗೂ ಸೀಸ ಬೆರೆತಿದೆ. ಎಂಜಿನ್ ತಣ್ಣಗೆ, ನಿಧಾನಕ್ಕೆ ಓಡುತ್ತಿದ್ದರೆ ಆ ಸೀಸ ಕೆಳಗಿನ ಪ್ಲಗ್ಗುಗಳಲ್ಲಿ ಸಾಸಿವೆಯಂಥ ಗುಂಡುಗಳಾಗಿ ಕೂರುತ್ತದೆ, ಕಿಡಿ ಹಾರುವುದಿಲ್ಲ. ನೆಲದ ಮೇಲೆ ಓಡಿಸುವಾಗ ಪೆಟ್ರೋಲಿನ ಪ್ರಮಾಣ ಇಳಿಸಿ, ಗಾಳಿ ಹೆಚ್ಚಿಸುವ ರೂಢಿ ಬಂದದ್ದು ಇದಕ್ಕೆ. ಸರ್ವಿಸಿಗೆ ಬಿಚ್ಚಿದಾಗ ಮೇಲಿನ ಪ್ಲಗ್ ಕೆಳಕ್ಕೆ, ಕೆಳಗಿನದು ಮೇಲಕ್ಕೆ ಹಾಕುತ್ತಾರೆ. ಸವೆತ ಸಮ ಆಗುತ್ತದೆ.

ಕಿಡಿ ಎರಡಿದ್ದರೂ ಇಂಧನ ಬಾರದಿದ್ದರೆ ಎಂಜಿನ್ ನಿಲ್ಲುವುದೇ. ಎಚ್‌ಟಿ-2 ನಂತರ ಬಂದ ಎಚ್‌ಪಿಟಿ-32 ದೀಪಕ್ ಈ ಕಹಿ ಪಾಠ ಕಲಿಸಿತು. ಆರು ಸಿಲಿಂಡರ್, 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಅದರದು. ಹಾರುತ್ತಿರುವಾಗಲೇ ಎಂಜಿನ್ ನಿಂತ ಪ್ರಕರಣಗಳಲ್ಲಿ ಅನುಮಾನ ಹೋದದ್ದು ಹೆಚ್ಚಾಗಿ ಇಂಧನ ಪೂರೈಕೆಯ ಮೇಲೆ. ಹದಿನೇಳು ಅಪಘಾತಗಳಲ್ಲಿ 19 ಪೈಲಟ್‌ಗಳು ತೀರಿಕೊಂಡರು. 2009ರ ಜುಲೈ 31ರಂದು ಆಗ ನಮ್ಮ ನೆರೆಯದಾಗಿದ್ದ ಮೇದಕ್ ಜಿಲ್ಲೆಯಲ್ಲಿ ಒಂದು ಬಿದ್ದು ಇಬ್ಬರು ಬೋಧಕ ಪೈಲಟ್‌ಗಳು ಸತ್ತ ಮೇಲೆ ವಾಯುಪಡೆ ಅದನ್ನು ಹಾರಿಸುವುದನ್ನೇ ನಿಲ್ಲಿಸಿತು.

ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಹಿಡಿದ ದಾರಿ ಬೇರೆ. ಅದರ ಹಂಸ-3 ವಿಮಾನದ ರೋಟಾಕ್ಸ್ ಎಂಜಿನ್ನಿನಲ್ಲಿ ಸವೆಯುವ ಪಾಯಿಂಟ್‌ಗಳೇ ಇಲ್ಲ, ಎಲೆಕ್ಟ್ರಾನಿಕ್ ಕಿಡಿ, ಅದೂ ಜೋಡಿ. 2021ರ ಸೆಪ್ಟೆಂಬರ್ 3ರಂದು ಹಾರಿದ ಹಂಸ-ಎನ್‌ಜಿಯಲ್ಲಿ ಕಿಡಿ, ಇಂಧನ ಎರಡನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅದಕ್ಕೂ ಎರಡು ಪ್ರತ್ಯೇಕ ಸಾಲು. ಇಷ್ಟಾದರೂ ಎಂಜಿನ್ ನಿಲ್ಲುವುದೇ ಇಲ್ಲ ಎಂದು ಯಾರೂ ನಂಬಿ ಕೂರಲಿಲ್ಲ. 2022ರ ಮೇ 17ರಂದು ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ವಲಯದ ಮೇಲೆ, ಏಳೆಂಟು ಸಾವಿರ ಅಡಿ ಎತ್ತರದಲ್ಲಿ, ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳು ನಿಂತ ಎಂಜಿನ್ನನ್ನು ಗಾಳಿಯಲ್ಲೇ ಮತ್ತೆ ಹೊತ್ತಿಸಿ ತೋರಿಸಿದರು.

ನಿರ್ಣಾದ ಮೇಲೆ ಹಾರುವ ಹಾಕ್‌ಗೆ ಈ ತಲೆನೋವಿಲ್ಲ. ಜೆಟ್ ಎಂಜಿನ್ನಿಗೆ ಕಿಡಿ ಬೇಕಾಗುವುದು ಮುಖ್ಯವಾಗಿ ಹೊತ್ತಿಸುವಾಗ; ಆಮೇಲೆ ಉರಿ ತಾನಾಗಿ ಉರಿಯುತ್ತದೆ. ಆದರೆ ಕಲಬುರಗಿ ವಿಮಾನ ನಿಲ್ದಾಣಕ್ಕೆ ಪೈಲಟ್ ತರಬೇತಿ ಶಾಲೆಗಳು ಬಂದ ಮೇಲೆ ಪ್ರೊಪೆಲ್ಲರ್‌ನ ಸಣ್ಣ ವಿಮಾನಗಳು ಈ ಸೀಮೆಗೆ ಮತ್ತೆ ಬಂದಿವೆ. ಮಕ್ಕಳನ್ನು ಕರೆದುಕೊಂಡು ಅಂಥದ್ದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಧಾರಾಳ ನೋಡಿ, ಫೋಟೊ ತೆಗೆಸಿಕೊಳ್ಳಿ. ಪ್ರೊಪೆಲ್ಲರನ್ನು ಮಾತ್ರ ಯಾರೂ ಕೈಯಿಂದ ತಿರುಗಿಸಬೇಡಿ, ಕೀಲಿ ಪೈಲಟ್‌ನ ಜೇಬಿನಲ್ಲೇ ಇದ್ದರೂ.