ನಾಯಿಗೆ ಗೊತ್ತಿಲ್ಲದ ಗಡಿ

ಅಕ್ಕಪಕ್ಕ ಎರಡು ಮನೆ. ಇವರ ಮನೆ ನಾಯಿ ದಿನಾ ಬೆಳಗ್ಗೆ ಹೋಗಿ ಅವರ ಮನೆ ರಂಗೋಲಿ ಮೇಲೇ ಗಲೀಜು ಮಾಡುತ್ತೆ. ಮೊದಲ ದಿನ ಅವರು ಸುಮ್ಮನೆ ನೀರು ಹಾಕಿ ತೊಳೀತಾರೆ. ಹತ್ತನೇ ದಿನ ಕೂಗಾಟ. ಹದಿನೈದನೇ ದಿನ ಮಾತು ಎಲ್ಲಿಗೆ ಹೋಗುತ್ತೆ ಗೊತ್ತಾ? "ನಿಮ್ಮ ಕಾಂಪೌಂಡೇ ನಮ್ಮ ಜಾಗದೊಳಗೆ ಒಂದಡಿ ಬಂದಿದೆ ಕಣ್ರೀ!"

ನಾಯಿ ಜಗಳ ಜಾಗದ ಜಗಳ ಆಯ್ತು. ನೋಡಿ, ಈ ಎರಡನ್ನೂ ಒಂದೇ ಗಂಟು ಹಾಕಿದರೆ ಎರಡೂ ಬಗೆಹರಿಯೋದಿಲ್ಲ. ಬಿಡಿಸಿ ನೋಡೋಣ.

ಮೊದಲು ನಾಯಿ. ನಮ್ಮ ಹಳ್ಳಿಗಳಲ್ಲಿ ಪೈರಿಗೆ ಬಾಯಿ ಹಾಕಿದ ದನವನ್ನು ದೊಡ್ಡಿಗೆ ಹೊಡೀತಿದ್ರು. ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಬರ್ತಿದ್ದ. ದನದ ತಪ್ಪಿಗೆ ಹೊಣೆ ಯಾರು? ಸಾಕಿದವನು. ಇವತ್ತಿಗೂ ನ್ಯಾಯ ಅದೇ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗಬಹುದು ಅಂತಿದ್ದರೂ ಮಾಲೀಕ ಎಚ್ಚರ ವಹಿಸದಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬರೀ ಗಲೀಜಿನ ಕಿರಿಕಿರಿಯಾದರೆ ಪಾಲಿಕೆಗೋ ಪಂಚಾಯಿತಿಗೋ ಲಿಖಿತ ದೂರು ಕೊಡಿ.

ಆದರೆ ಸಿಟ್ಟಿನಲ್ಲಿ ಬಿಸ್ಕತ್ತಿಗೆ ವಿಷ ಹಚ್ಚಿ ಎಸೆಯುವವರೂ ಇದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗಾಯ್ತು! ಹಳೆಯ ಐಪಿಸಿಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಅನ್ನೋ ಲೆಕ್ಕ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಸಂಹಿತೆಯ 325ನೇ ಕಲಂನಲ್ಲಿ ಆ ಬೆಲೆಯ ಮಾತೇ ಇಲ್ಲ. ಯಾವುದೇ ಪ್ರಾಣಿಗೆ ವಿಷ ಹಾಕಿದರೆ, ಕೊಂದರೆ, ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲಾಗಬಹುದು. ನಿನ್ನೆವರೆಗೆ ದೂರುದಾರರಾಗಿದ್ದ ನೀವು ಇವತ್ತು ಆರೋಪಿ!

ಇನ್ನು ಆ ಒಂದಡಿ ಜಾಗ. ಅದನ್ನು ಠಾಣೆಯಲ್ಲಿ ಅಳೆಯೋಕಾಗಲ್ಲ ಸ್ವಾಮಿ. ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತೆ, ಸರ್ವೇಯರ್ ಬಂದು ಮೂಲ ದಾಖಲೆ ನೋಡಿ ಅಳತೆ ಮಾಡ್ತಾರೆ. ಸೈಟಾದರೆ ಕ್ರಯಪತ್ರದ ಚೆಕ್ಕುಬಂದಿ ಮತ್ತು ಬಡಾವಣೆಯ ನಕ್ಷೆ ಕೈಯಲ್ಲಿ ಹಿಡಿದು ಅಳೆಸಿ. ಆಗಲೂ ಒಪ್ಪದಿದ್ದರೆ ಸಿವಿಲ್ ಕೋರ್ಟ್ ಇದೆ. ರಾತ್ರೋರಾತ್ರಿ ಗೋಡೆ ಒಡೆಯೋದು, ಗಡಿಕಲ್ಲು ಕೀಳೋದು ಮಾತ್ರ ಬೇಡ.

ಇದೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿ. ನಾಯಿ ಸಾಕಿದವರು ನಾಳೆ ಬೆಳಗ್ಗೆ ಕೈಯಲ್ಲಿ ಒಂದು ಹಗ್ಗ, ಒಂದು ಕವರ್ ಹಿಡಿದು ಹೊರಡಿ. ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ಒಂದು ಮಾತು ನೇರವಾಗಿ ಹೇಳಿ. ಕೋರ್ಟಿನಲ್ಲಿ ಕೇಸು ಎಷ್ಟು ವರ್ಷ ನಡೆದರೂ, ಸಂಜೆ ಇಬ್ಬರೂ ವಾಪಸ್ ಬರೋದು ಅದೇ ಬೀದಿಗೆ ತಾನೇ?