ಬೂಸಾ ಬೇರೆ, ಇಸಬ್ಗೋಲ್ ಬೇರೆ

ಜ್ವರ ಬಂದರೆ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಳ್ಳಬಹುದು. ಹೊಟ್ಟೆ ಕೆಟ್ಟರೆ? ಅದೂ ವಾರಕ್ಕೆ ಮೂರು ದಿನ ಕೆಟ್ಟರೆ? ಟಿ. ನರಸೀಪುರದಿಂದ ಮೈಸೂರಿಗೆ ಬಸ್ಸಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಇಂಟರ್ನಲ್ಸ್ ಇರುವ ದಿನ ನನಗೆ ಆ ಪ್ರಯಾಣವೇ ಮೊದಲ ಪರೀಕ್ಷೆ. ಹೊಟ್ಟೆ ಹಿಂಡುತ್ತದೆ, ಬಸ್ಸು ನಿಲ್ಲುವುದಿಲ್ಲ.

ಪರೀಕ್ಷೆಗಳನ್ನೆಲ್ಲ ಮಾಡಿಸಿದ ಡಾಕ್ಟರು ‘ಐಬಿಎಸ್’ ಎಂದರು. ಇರಿಟಬಲ್ ಬವೆಲ್ ಸಿಂಡ್ರೋಮ್. ರಿಪೋರ್ಟ್ ನಾರ್ಮಲ್, ನೋವು ಮಾತ್ರ ನಿಜ. ಕರುಳಿಗೂ ಮಿದುಳಿಗೂ ಇರುವ ಹೊಂದಾಣಿಕೆ ಏರುಪೇರಾಗಿ ಕರುಳು ಅತಿಸೂಕ್ಷ್ಮವಾಗುವ ತೊಂದರೆ ಇದು. ಟೆನ್ಷನ್ ಆದರೆ ಇನ್ನೂ ಜೋರು.

ವಿಷಯ ತಿಳಿದ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: ‘ನಾರಿನಂಶ ತಿನ್ನು.’ ನಂಜನಗೂಡಿನ ಅಜ್ಜಿ ರಸಬಾಳೆ ತಿನ್ನು ಅಂದರು. (ಸೊರಗು ರೋಗ ಬಡಿದು ಅದು ನಂಜನಗೂಡಿನಲ್ಲೇ ಅಪರೂಪ. ಸಿಕ್ಕರೆ ತಿನ್ನಲು ನನಗೆ ಕಾಯಿಲೆಯ ನೆಪ ಬೇಕಿಲ್ಲ!) ಚಿಕ್ಕಪ್ಪ, ಗೋಧಿ ಬೂಸಾ ಕಲಸಿಕೊಂಡು ತಿನ್ನು ಅಂದರು. ಡಾಕ್ಟರು ಬರೆದುಕೊಟ್ಟದ್ದು ಇಸಬ್ಗೋಲ್.

ಎಲ್ಲವೂ ನಾರೇ ತಾನೇ ಅನ್ನಬೇಡಿ. ಬೂಸಾದಲ್ಲಿರುವುದು ಬಹುಪಾಲು ಕರಗದ ನಾರು. ಅದು ಕರುಳಿನಲ್ಲಿ ಒರಟಾಗಿಯೇ ಸಾಗುತ್ತದೆ, ಐಬಿಎಸ್ ಇದ್ದವರಿಗೆ ನೋವು, ಉಬ್ಬರ ಹೆಚ್ಚಿಸಬಹುದು. ಇಸಬ್ಗೋಲ್ ಸಿಪ್ಪೆ ನೀರು ಹೀರಿ ಲೋಳೆಯಾಗುತ್ತದೆ. ಗಟ್ಟಿ ಮಲವನ್ನು ಮೆದುವಾಗಿಸುತ್ತದೆ, ತೆಳ್ಳಗಿದ್ದರೆ ನೀರು ಹಿಡಿದು ಗಟ್ಟಿಯಾಗಿಸುತ್ತದೆ. ಮಲಬದ್ಧತೆಗೂ ಭೇದಿಗೂ ಒಂದೇ ಡಬ್ಬಿ ಎಂದಾಗ ನಾನು ನಂಬಿರಲಿಲ್ಲ. ಹೆಸರು ಪರ್ಷಿಯನ್ನಿನಿಂದ ಬಂದದ್ದು, ‘ಕುದುರೆ ಕಿವಿ’ ಎಂದರ್ಥ. ಬೀಜದ ಆಕಾರ ಹಾಗಿದೆ. ಬೆಳೆಯುವುದು ಹೆಚ್ಚಾಗಿ ಗುಜರಾತ್, ರಾಜಸ್ಥಾನದಲ್ಲಿ.

ಇದನ್ನು ಅಳೆದು ನೋಡಿದವರೂ ಇದ್ದಾರೆ. 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 275 ರೋಗಿಗಳನ್ನು ಮೂರು ಗುಂಪು ಮಾಡಿ ದಿನಕ್ಕೆ 10 ಗ್ರಾಂನಂತೆ 12 ವಾರ ಒಬ್ಬರಿಗೆ ಇಸಬ್ಗೋಲ್, ಒಬ್ಬರಿಗೆ ಬೂಸಾ, ಒಬ್ಬರಿಗೆ ಅಕ್ಕಿ ಹಿಟ್ಟು ಕೊಟ್ಟರು. ಅಕ್ಕಿ ಹಿಟ್ಟು ಅಲ್ಲಿ ಡಮ್ಮಿ ಔಷಧಿ. ನಮ್ಮ ಕಡೆಯವರಾಗಿದ್ದರೆ ರೊಟ್ಟಿ ತಟ್ಟಿಬಿಡುತ್ತಿದ್ದರು! ಇಸಬ್ಗೋಲ್ ಗುಂಪಿನಲ್ಲಿ ಹೆಚ್ಚು ಜನರಿಗೆ ಆರಾಮ ಸಿಕ್ಕಿತು. ಮಧ್ಯದಲ್ಲೇ ಬಿಟ್ಟು ಹೋದವರು ಬೂಸಾ ಗುಂಪಿನಲ್ಲೇ ಜಾಸ್ತಿ.

ಡಾಕ್ಟರು ಹೇಳಿದಂತೆ ಒಂದು ಚಿಕ್ಕ ಚಮಚದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿದೆ. ದೊಡ್ಡ ಲೋಟದ ತುಂಬ ನೀರಿಗೆ ಹಾಕಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆ ಇದ್ದರೆ ನಡುವೆ ಒಂದೆರಡು ಗಂಟೆ ಬಿಡಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದವರು ಈ ಡಬ್ಬಿ ಕೊಳ್ಳುವ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ನನಗೆ ಎರಡು ತಿಂಗಳಾಯಿತು. ಪೂರ್ತಿ ವಾಸಿಯಾಗಿಲ್ಲ, ಆದರೆ ಮೂರು ದಿನದ ಕಾಟ ಒಂದಕ್ಕೆ ಇಳಿದಿದೆ. ಬೆಳಿಗ್ಗೆ ಎರಡು ಇಡ್ಲಿ ತಿಂದೇ ಬಸ್ಸು ಹತ್ತುತ್ತೇನೆ. ಕಷ್ಟವೆಂದರೆ ಅವರೆಕಾಯಿ. ಅದರ ಗ್ಯಾಸಿಗೆ ಇಸಬ್ಗೋಲ್ ಏನೂ ಮಾಡುವುದಿಲ್ಲ. ಅಮ್ಮ ಹಿದಕವರೆ ಸಾರು ಮಾಡಿದ ದಿನ ಮಾತ್ರ ಎರಡೇ ಸೌಟಿಗೆ ನಿಲ್ಲಿಸುವಂತೆ ಅಪ್ಪ ಕಾವಲು ಕೂರುತ್ತಾರೆ.