ಕ್ಯಾಂಟನೀಸ್ ಕಪ್ಪು-ಬಿಳುಪು ಚಲನಚಿತ್ರಗಳ ಶೋಧ ಮತ್ತು ಸಂಗ್ರಹ

ಕ್ಯಾಂಟನೀಸ್ ಕಪ್ಪು-ಬಿಳುಪು ಚಲನಚಿತ್ರಗಳು 1930ರ ದಶಕದಿಂದ 1960ರ ದಶಕದ ಕೊನೆಯವರೆಗೆ, ಮುಖ್ಯವಾಗಿ ಹಾಂಗ್ ಕಾಂಗ್‌ನಲ್ಲಿ, ದಕ್ಷಿಣ ಚೀನಾದ ಕ್ಯಾಂಟನೀಸ್ ನುಡಿಯಲ್ಲಿ ತಯಾರಾದ ಚಿತ್ರಗಳು. ಇವುಗಳಲ್ಲಿ ಬಹಳಷ್ಟು ಇಂದು ಲಭ್ಯವಿಲ್ಲ. ಉಳಿದಿರುವವುಗಳಲ್ಲಿಯೂ ಕೆಲವು ದೊರೆತದ್ದು ತಯಾರಾದ ಊರಿನಲ್ಲಲ್ಲ, ಅವನ್ನು ನೋಡುತ್ತಿದ್ದ ವಲಸಿಗರ ಊರುಗಳಲ್ಲಿ. ಆದುದರಿಂದ ಈ ಚಿತ್ರಗಳ ಶೋಧವು ಬಹುಮಟ್ಟಿಗೆ ಕ್ಯಾಂಟನೀಸ್ ಜನರ ವಲಸೆಯ ಜಾಡನ್ನೇ ಅನುಸರಿಸುತ್ತದೆ.

ಹಿನ್ನೆಲೆ

ಈ ನುಡಿಯ ಆರಂಭದ ವಾಕ್ಚಿತ್ರಗಳಾದ 'ಬಿಳಿ ಚಿನ್ನದ ಡ್ರ್ಯಾಗನ್' ಮತ್ತು 'ಗಾಯಕರ ಪ್ರಣಯ' ಎರಡೂ 1933ರಲ್ಲಿ ತೆರೆಕಂಡವು. ಮೊದಲನೆಯದನ್ನು ಶಾಂಘೈನ ತಿಯಾನಿ ಸಂಸ್ಥೆಯು ರಂಗನಟ ಸಿಟ್ ಕೊಕ್-ಸಿನ್ ಅವರನ್ನು ನಾಯಕರನ್ನಾಗಿಸಿ ತಯಾರಿಸಿತು. ಎರಡನೆಯದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಯಾರಾಯಿತು. ಹಾಂಗ್ ಕಾಂಗ್ ಈ ಉದ್ಯಮದ ಕೇಂದ್ರವಾದುದು ಅನಂತರ.

ಎರಡನೆಯ ಮಹಾಯುದ್ಧದ ಬಳಿಕ ನಿರ್ಮಾಣದ ವೇಗ ಬೆರಗುಗೊಳಿಸುವಂತಿತ್ತು. ಸಿಂಗಾಪುರ ಮತ್ತು ಮಲಯದ ಹಂಚಿಕೆದಾರರು ನಟರ ಹೆಸರನ್ನು ನೋಡಿ ಮುಂಗಡ ಹಣ ಕೊಡುತ್ತಿದ್ದರು. ಆ ಹಣದಿಂದಲೇ ಚಿತ್ರೀಕರಣ ನಡೆಯುತ್ತಿತ್ತು. ಒಂದು ವಾರದಲ್ಲಿ ಮುಗಿಸಿದ ಚಿತ್ರಗಳಿಗೆ 'ಏಳು ದಿನದ ತಾಜಾ ಸರಕು' ಎಂಬರ್ಥದ ವ್ಯಂಗ್ಯನಾಮವೂ ಹುಟ್ಟಿಕೊಂಡಿತು. ಸಮರಕಲೆಯ ಗುರು ವಾಂಗ್ ಫೇ-ಹುಂಗ್‌ನ ಪಾತ್ರದಲ್ಲಿ ಕ್ವಾನ್ ತಕ್-ಹಿಂಗ್ ನಟಿಸಿದ ಸರಣಿ 1949ರಲ್ಲಿ ಆರಂಭವಾಗಿ, 1956ನೇ ವರ್ಷವೊಂದರಲ್ಲೇ 25 ಚಿತ್ರಗಳನ್ನು ಕಂಡಿತು. ಇಂತಹ ಅವಸರಕ್ಕೆ ಬೇಸತ್ತ ಕಲಾವಿದರು 1952ರಲ್ಲಿ ಯೂನಿಯನ್ ಫಿಲ್ಮ್ ಎಂಬ ಸಹಕಾರಿ ಸ್ವರೂಪದ ಸಂಸ್ಥೆಯನ್ನು ಕಟ್ಟಿದರು. ಬಾ ಜಿನ್ ಅವರ ಕಾದಂಬರಿಯನ್ನು ಆಧರಿಸಿದ 'ಕುಟುಂಬ' (1953) ಇದರ ಮೊದಲ ಚಿತ್ರ.

1960ರ ದಶಕದ ಕೊನೆಯಲ್ಲಿ ಬಣ್ಣದ ಮ್ಯಾಂಡರಿನ್ ಚಿತ್ರಗಳ ಪೈಪೋಟಿ ಹಾಗೂ ಟೆಲಿವಿಷನ್‌ನಿಂದ ಕ್ಯಾಂಟನೀಸ್ ಚಿತ್ರೋದ್ಯಮ ಕುಸಿಯಿತು. 1973ರ '72 ಬಾಡಿಗೆದಾರರ ಮನೆ' ಈ ನುಡಿಯನ್ನು ಮತ್ತೆ ತೆರೆಗೆ ತಂದಿತಾದರೂ ಆ ವೇಳೆಗೆ ಕಪ್ಪು-ಬಿಳುಪಿನ ಯುಗ ಮುಗಿದಿತ್ತು.

ನಾಶದ ಕಾರಣಗಳು

ಯುದ್ಧಪೂರ್ವದ ಚಿತ್ರಗಳಿಗೆ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುವಂಥದು. 1941ರ ಡಿಸೆಂಬರ್‌ನಿಂದ 1945ರ ಆಗಸ್ಟ್‌ವರೆಗಿನ ಜಪಾನಿ ಆಕ್ರಮಣಕಾಲದಲ್ಲಿ ಹಾಂಗ್ ಕಾಂಗ್‌ನಲ್ಲಿದ್ದ ಪ್ರತಿಗಳ ಬಹುಪಾಲು ಕಳೆದುಹೋಯಿತು. ಅನಂತರ ಬಂದ ಅಸಿಟೇಟ್ ಫಿಲ್ಮ್ ಬೆಂಕಿಗೆ ಅಷ್ಟಾಗಿ ಅಂಜಬೇಕಿಲ್ಲದಿದ್ದರೂ ಸೆಕೆ ಮತ್ತು ತೇವದಲ್ಲಿ ಕೊಳೆಯುತ್ತದೆ. ಡಬ್ಬಿಯನ್ನು ತೆರೆದೊಡನೆ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿದರೆ ಅದು ಈ ಕೊಳೆಯುವಿಕೆಯ ಗುರುತು. ಒಮ್ಮೆ ಆರಂಭವಾದರೆ ಅದನ್ನು ನಿಧಾನಗೊಳಿಸಬಹುದೇ ಹೊರತು ಹಿಂದಿರುಗಿಸಲಾಗದು. ಕಡಲತಡಿಯ ಹಾಂಗ್ ಕಾಂಗ್‌ನ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹವಾಮಾನಕ್ಕಿಂತ ಉದಾಸೀನದ ಪಾಲೇ ಹೆಚ್ಚೆನ್ನಬೇಕು: ಪ್ರದರ್ಶನ ಮುಗಿದ ಚಿತ್ರವನ್ನು ಕಾದಿಡಬೇಕಾದ ವಸ್ತುವೆಂದು ಅಂದಿನ ನಿರ್ಮಾಪಕರಲ್ಲಿ ಹೆಚ್ಚಿನವರು ಭಾವಿಸಿರಲಿಲ್ಲ.

ಮರುಶೋಧ

ಈ ಚಿತ್ರಗಳ ನೆನಪನ್ನು ಮೊದಲು ಉಳಿಸಿದ್ದು ಟೆಲಿವಿಷನ್. ಹಳೆಯ ಚಿತ್ರಗಳ ಮರುಪ್ರಸಾರದಿಂದ, ಚಿತ್ರಮಂದಿರದಲ್ಲಿ ಅವನ್ನು ನೋಡಿರದ ಪೀಳಿಗೆಯೂ ಅವುಗಳ ನಟನಟಿಯರನ್ನು ಗುರುತಿಸುವಂತಾಯಿತು. 1978ರಲ್ಲಿ ಹಾಂಗ್ ಕಾಂಗ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು 1950ರ ದಶಕದ ಕ್ಯಾಂಟನೀಸ್ ಚಿತ್ರಗಳ ಪುನರವಲೋಕನವನ್ನು ಏರ್ಪಡಿಸಿದ ಬಳಿಕ ವಿದ್ವತ್ತಿನ ಗಮನವೂ ಇತ್ತ ಹರಿಯಿತು.

ಸಾಯ್ ವಾನ್ ಹೋ ಬಡಾವಣೆಯಲ್ಲಿ 2001ರಲ್ಲಿ ಸ್ವಂತ ಕಟ್ಟಡವನ್ನು ಪಡೆದ ಹಾಂಗ್ ಕಾಂಗ್ ಚಲನಚಿತ್ರ ಭಂಡಾರವು ಈಗ ಈ ಕಾರ್ಯದ ಕೇಂದ್ರ. ವಿದೇಶಗಳ ಚೀನೀ ಬಡಾವಣೆಗಳ ಚಿತ್ರಮಂದಿರಗಳಿಗೆ ಹೋಗಿದ್ದ ಪ್ರತಿಗಳು ಹಲವೊಮ್ಮೆ ಅಲ್ಲಿಯೇ ಉಳಿದಿದ್ದವು. ಸ್ಯಾನ್ ಫ್ರಾನ್ಸಿಸ್ಕೋದ ಅಂತಹ ಒಂದು ಚಿತ್ರಮಂದಿರದ ಸಂಗ್ರಹ 2012ರಲ್ಲಿ ಭಂಡಾರಕ್ಕೆ ಸೇರಿದಾಗ, ಕಳೆದುಹೋದವೆಂದೇ ಭಾವಿಸಲಾಗಿದ್ದ 1930 ಮತ್ತು 40ರ ದಶಕಗಳ ಚಿತ್ರಗಳು ಮತ್ತೆ ಬೆಳಕಿಗೆ ಬಂದವು.

ಸಂಗ್ರಹಕಾರರ ತೊಡಕುಗಳು

ಹೊಸಬರಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಲೀ ಟಿಟ್ ನಿರ್ದೇಶನದ 1953ರ ಚಿತ್ರವೊಂದರ ಮೂಲ ಶೀರ್ಷಿಕೆಗೆ 'ಕುಸಿಯುವ ಕಟ್ಟಡದಲ್ಲಿ ವಸಂತದ ಬೆಳಗು' ಎಂಬ ಅರ್ಥವಿದೆ. ಇಂಗ್ಲಿಷಿನಲ್ಲಿ ಅದು 'ಇನ್ ದ ಫೇಸ್ ಆಫ್ ಡೆಮಾಲಿಷನ್'. ಒಂದೇ ಚಿತ್ರಕ್ಕೆ ಎರಡು ಮೂರು ಇಂಗ್ಲಿಷ್ ಹೆಸರುಗಳಿರುವುದೂ ಉಂಟು. ನಟರ ಹೆಸರುಗಳೂ ಹೀಗೆಯೇ: ಆ ಚಿತ್ರದ ನಾಯಕ ಕ್ಯಾಂಟನೀಸ್ ಉಚ್ಚಾರಣೆಯಲ್ಲಿ ಎಂಗ್ ಚೋ-ಫಾನ್, ಮ್ಯಾಂಡರಿನ್‌ನಲ್ಲಿ ವು ಚುಫಾನ್. ಆದಕಾರಣ ಚೀನೀ ಲಿಪಿಯ ಶೀರ್ಷಿಕೆ ಹಾಗೂ ಬಿಡುಗಡೆಯ ವರ್ಷವನ್ನು ಗುರುತಿಟ್ಟುಕೊಂಡು ಹುಡುಕುವುದೇ ಲೇಸು. ಭಂಡಾರವು ಪ್ರಕಟಿಸಿರುವ, 1913ರಿಂದ ಮೊದಲಾಗುವ ಹಾಂಗ್ ಕಾಂಗ್ ಚಿತ್ರಸೂಚಿಯ ಸಂಪುಟಗಳು ಇದಕ್ಕೆ ನೆರವಾಗುತ್ತವೆ.

ಮನೆಯ ಸಂಗ್ರಹಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಅಗ್ಗದ ವಿಸಿಡಿಗಳು. ಇವುಗಳ ಚಿತ್ರ ಮಸುಕು. ಇಂಗ್ಲಿಷ್ ಅಡಿಬರಹ ಇರುವುದು ವಿರಳ. ಆದರೂ ಅನೇಕ ಚಿತ್ರಗಳಿಗೆ ಇವುಗಳಿಗಿಂತ ಉತ್ತಮ ರೂಪ ಮಾರುಕಟ್ಟೆಗೆ ಬಂದಿಲ್ಲವಾದುದರಿಂದ ತಿಳಿದವರು ಇವನ್ನು ಎಸೆಯುವುದಿಲ್ಲ. ಯಾಮ್ ಕಿಮ್-ಫಾಯ್ ಮತ್ತು ಪಾಕ್ ಸುಯೆತ್-ಸಿನ್ ಜೋಡಿಯ ಗೀತನಾಟಕ ಚಿತ್ರಗಳಿಗೆ ಇಂದಿಗೂ ಬೇಡಿಕೆಯಿದೆ. ಪುರುಷ ಪಾತ್ರಗಳಿಗೆ ಹೆಸರಾಗಿದ್ದ ಯಾಮ್ ಸ್ವತಃ ಮಹಿಳೆ ಎಂಬುದು ಹೊಸ ಪ್ರೇಕ್ಷಕರನ್ನು ಅಚ್ಚರಿಗೊಳಿಸುತ್ತದೆ.

ಫಿಲ್ಮ್ ಇಲ್ಲವಾದೆಡೆ ಭಿತ್ತಿಪತ್ರ, ಕಥಾಸಾರದ ಪುಸ್ತಿಕೆ, ಸ್ಥಿರಚಿತ್ರಗಳೇ ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿ ಹಾಂಗ್ ಕಾಂಗ್‌ನಲ್ಲಿಯೂ ಚಿತ್ರಗಳನ್ನು ನಿರ್ದೇಶಿಸಿದ ಎಸ್ತರ್ ಎಂಗ್ ಅವರ ಕೃತಿಗಳಲ್ಲಿ ಹೆಚ್ಚಿನವು ಉಳಿದಿಲ್ಲ. ಅವರ ವೃತ್ತಿಜೀವನವನ್ನು ಎಸ್. ಲೂಯಿಸಾ ವೇ 2013ರ ಸಾಕ್ಷ್ಯಚಿತ್ರದಲ್ಲಿ ಮರಳಿ ಕಟ್ಟಿಕೊಟ್ಟದ್ದು ಬಹುಪಾಲು ಛಾಯಾಚಿತ್ರಗಳು, ಪತ್ರಿಕಾ ವರದಿಗಳು ಹಾಗೂ ಬಲ್ಲವರ ನೆನಪುಗಳ ಆಧಾರದಿಂದ.